ಗೋಸುಂಬೆ ಸುಮ್ಮನಾದಾಗ

ಗೋಸುಂಬೆಯ ಸಹಜ ಸ್ಥಿತಿಯೇ ಸುಮ್ಮನಿರುವುದು. ಹಗಲಿನ ಬಹುಪಾಲನ್ನು ಅದು ಒಂದೇ ಕೊಂಬೆಯ ಮೇಲೆ ಕಳೆಯುತ್ತದೆ. ಹೆಜ್ಜೆ ಎತ್ತಿದರೂ ಊರುವ ಮೊದಲು ನಾಲ್ಕಾರು ಸಲ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಗಾಳಿಗೆ ಎಲೆ ಅಲ್ಲಾಡಿತೆಂದು ನೋಡುವವರು ಮೋಸಹೋಗಬೇಕು. ಇಂಥ ಪ್ರಾಣಿಯನ್ನು ಮನೆಗೆ ತಂದಿಟ್ಟುಕೊಂಡವರು ಒಂದು ದಿನ ‘ಯಾಕೋ ಅಲ್ಲಾಡ್ತಾನೇ ಇಲ್ಲ’ ಎಂದು ಗಾಬರಿಯಾದರೆ, ಅದು ಎಂದಿನ ಸುಮ್ಮನಿರುವಿಕೆಯೋ ಕಾಯಿಲೆಯೋ ಎಂಬುದನ್ನು ಮೊದಲು ತಿಳಿಯಬೇಕು. ಎರಡೂ ಹೊರನೋಟಕ್ಕೆ ಒಂದೇ ಥರ ಕಾಣುತ್ತವೆ.

ಭಾರತದಲ್ಲಿರುವುದು ಒಂದೇ ಜಾತಿಯ ಗೋಸುಂಬೆ. ವೈಜ್ಞಾನಿಕ ಹೆಸರು ಕಮೀಲಿಯೋ ಝೈಲಾನಿಕಸ್. ಕೋಲಾರ ಚಿನ್ನದ ಗಣಿ ಪ್ರದೇಶ (ಕೆಜಿಎಫ್), ಬಂಗಾರಪೇಟೆ, ಬೇತಮಂಗಲದ ಕಡೆಯ ಒಣ ಕುರುಚಲು, ಹೊಂಗೆ, ಜಾಲಿ, ಹೊಲದ ಬೇಲಿಗೆ ಹಬ್ಬಿದ ಲಂಟಾನ, ಇವೆಲ್ಲ ಅದಕ್ಕೆ ಒಗ್ಗುವ ಜಾಗಗಳು. 2001ರಲ್ಲಿ ಗಣಿಗಳು ಮುಚ್ಚಿದ ಮೇಲೂ ಆ ಬಯಲಲ್ಲಿ ಕೃಷ್ಣಮೃಗಗಳು ಉಳಿದುಕೊಂಡಿವೆ. ಅವನ್ನು ನೋಡಲು ಜನ ನಿಲ್ಲುತ್ತಾರೆ, ಪಕ್ಕದ ಬೇಲಿಯ ಗೋಸುಂಬೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮೂರು ಭಾಷೆಗಳ ಊರಾದ ಕೆಜಿಎಫ್‌ನಲ್ಲಿ ತಮಿಳರಿಗೆ ಅದು ಪಚ್ಚೋಂದಿ, ತೆಲುಗರಿಗೆ ಊಸರವೆಲ್ಲಿ. ಕಲ್ಲಿನ ಮೇಲೆ ತಲೆ ಕುಣಿಸುವ, ಕತ್ತು ಕೆಂಪಗಾಗುವ ಓತಿಕ್ಯಾತ ಬೇರೆ. ಅದು ಓಡುತ್ತದೆ, ಗೋಸುಂಬೆಗೆ ಓಡಲು ಬರುವುದಿಲ್ಲ. ಅದರ ಕಾಲ್ಬೆರಳುಗಳು ಎರಡು ಗುಂಪಾಗಿ ಕೂಡಿಕೊಂಡು ಇಕ್ಕಳದಂತೆ ಕೊಂಬೆಯನ್ನು ಹಿಡಿಯುವುದಕ್ಕೆಂದೇ ಆಗಿವೆ. ಓಡಲು ಬಾರದ್ದರಿಂದಲೇ ಅದು ಹುಡುಗರ ಕೈಗೂ ಕಲ್ಲಿಗೂ ಸುಲಭವಾಗಿ ಸಿಗುತ್ತದೆ. ಅದಕ್ಕೆ ವಿಷವಿದೆ ಎಂಬ ನಂಬಿಕೆ ಬಲವಾಗಿದೆ, ಆದರೆ ವಿಷವಿಲ್ಲ.

ಗೋಸುಂಬೆ ಸುಮ್ಮನಿರಲು ಕಾಯಿಲೆಯಲ್ಲದ ಕಾರಣಗಳು ಹಲವು. ಮೊದಲನೆಯದು ರಾತ್ರಿ. ಅದು ಅಪ್ಪಟ ಹಗಲುಜೀವಿ. ಕತ್ತಲಾಗುತ್ತಲೇ ಕೊಂಬೆಯ ತುದಿಗೆ ಹೋಗಿ, ಬಾಲ ಸುತ್ತಿಕೊಂಡು, ಕಣ್ಣು ಮುಚ್ಚಿ ಮಲಗುತ್ತದೆ. ಆಗ ಮೈಬಣ್ಣ ಪೇಲವವಾಗಿ ಹಳದಿ ಬೆರೆತ ಬಿಳುಪಾಗುವುದರಿಂದ, ಹಗಲು ಹತ್ತು ಸಲ ಹುಡುಕಿದರೂ ಕಾಣದ್ದು ರಾತ್ರಿ ಟಾರ್ಚ್ ಬೆಳಕಿಗೆ ದೂರದಿಂದಲೇ ಕಾಣುತ್ತದೆ. ಗಣಿ ಮುಚ್ಚಿದಂದಿನಿಂದ ಕೆಜಿಎಫ್‌ನ ಎಷ್ಟೋ ಮನೆಗಳ ದುಡಿಯುವವರು ಮಾರಿಕುಪ್ಪಂನಿಂದ ಹೊರಡುವ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಮರಳುತ್ತಾರೆ. ಅಂಥ ಮನೆಯ ಯಜಮಾನನ ಕಣ್ಣಿಗೆ ಬೀಳುವುದು ಯಾವಾಗಲೂ ಮಲಗಿದ ಗೋಸುಂಬೆಯೇ. ಅವನು ಬಂದು ದೀಪ ಹಾಕಿದರೆ ಅದರ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಹಗಲು ನಿಜವಾಗಿಯೂ ಮಂಕಾಗುತ್ತದೆ. ವಾರವಿಡೀ ರಾತ್ರಿ ಮಾತ್ರ ನೋಡಿದವನು ಭಾನುವಾರ ಮಧ್ಯಾಹ್ನ ನೋಡದೆ ತೀರ್ಪು ಕೊಡಬಾರದು.

ಎರಡನೆಯದು ಚಳಿ. ಈ ಪ್ರಾಣಿಯ ದೇಹ ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳುವುದಿಲ್ಲ, ಬಿಸಿಲಿನಿಂದ ಪಡೆಯುತ್ತದೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಕೆಜಿಎಫ್‌ನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ಮನುಷ್ಯರೇ ಮಫ್ಲರ್ ಸುತ್ತಿಕೊಳ್ಳುತ್ತಾರೆ. ಬೇಲಿಯ ಮೇಲಿನ ಗೋಸುಂಬೆ ಆಗ ಬಿಸಿಲಿಗೆ ಅಡ್ಡಲಾಗಿ ತಿರುಗಿ, ಪಕ್ಕೆಗಳನ್ನು ಚಪ್ಪಟೆಯಾಗಿ ಹರಡಿ, ಬಿಸಿಲು ಬಿದ್ದ ಮಗ್ಗುಲನ್ನು ಕಪ್ಪಾಗಿಸಿಕೊಳ್ಳುತ್ತದೆ. ಕಪ್ಪು ಮೈ ಬೇಗ ಕಾಯುತ್ತದೆ. ಮೈ ಸುಮಾರು 30 ಡಿಗ್ರಿಗೆ ಬಂದ ಮೇಲೆ ಹಸಿರಾಗಿ ಬೇಟೆಗೆ ಹೊರಡುತ್ತದೆ. ರಾಜಕಾರಣಿಗಳನ್ನು ಗೋಸುಂಬೆ ಎಂದು ಬೈಯುವುದರಲ್ಲಿ ಗೋಸುಂಬೆಗೇ ಅನ್ಯಾಯವಾಗಿದೆ. ಅದು ಬಣ್ಣ ಬದಲಿಸುವುದು ಬಹುಪಾಲು ಮೈ ಕಾಯಿಸಿಕೊಳ್ಳಲು, ಸಿಟ್ಟು ತೋರಲು, ಸಂಗಾತಿಗೆ ತನ್ನ ಇರವು ತಿಳಿಸಲು. ಚರ್ಮದ ಜೀವಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿಸಣ್ಣ ಹರಳುಗಳಿದ್ದು, ಅವುಗಳ ನಡುವಿನ ಅಂತರ ಹಿಗ್ಗಿ ಕುಗ್ಗಿದಂತೆ ಬಣ್ಣ ಬದಲಾಗುತ್ತದೆಂದು 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು ಮಡಗಾಸ್ಕರಿನ ಗೋಸುಂಬೆಯೊಂದರ ಮೇಲೆ ಕೆಲಸ ಮಾಡಿ ತೋರಿಸಿದರು. ಚಳಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯೂ ಸ್ವಾರಸ್ಯದ್ದು. ಯೆಮೆನ್ ಮೂಲದ ಗೋಸುಂಬೆಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೈ 15 ಡಿಗ್ರಿಗೆ ತಣ್ಣಗಾದರೂ ನಾಲಗೆ ಚಿಮ್ಮುವ ವೇಗ ಹೆಚ್ಚೇನೂ ತಗ್ಗುವುದಿಲ್ಲ. ಅದನ್ನು ಒಳಗೆಳೆದುಕೊಳ್ಳುವುದು ಮಾತ್ರ ತೀರ ನಿಧಾನವಾಗುತ್ತದೆ. ನಾಲಗೆಯನ್ನು ಚಿಮ್ಮಿಸುವುದು ಮೊದಲೇ ಬಿಗಿದಿಟ್ಟ ಅಂಗಾಂಶದ ಶಕ್ತಿ, ಎಳೆಯುವುದು ಸ್ನಾಯು. ಮನೆಯೊಳಗೆ, ಬಿಸಿಲೇ ಬೀಳದ ಮೂಲೆಯ ಪಂಜರದಲ್ಲಿ ಈ ಪ್ರಾಣಿ ಚಳಿಗಾಲದುದ್ದಕ್ಕೂ ತಣ್ಣಗೇ ಉಳಿಯುತ್ತದೆ. ತಿಂದದ್ದೂ ಹೊಟ್ಟೆಯಲ್ಲಿ ಕರಗುವುದಿಲ್ಲ.

ಪೊರೆ ಬಿಡುವ ಮುಂಚಿನ ಒಂದೆರಡು ದಿನ ಮೈ ಮಾಸಲಾಗಿ ಮಂಕಾಗುವುದೂ ಉಂಟು. ಅದು ತಾನಾಗಿ ಸರಿಹೋಗುತ್ತದೆ.

ಸಹಜ ಮೌನವನ್ನೂ ಕಾಯಿಲೆಯನ್ನೂ ಬೇರ್ಪಡಿಸುವ ಗುರುತು ಕಣ್ಣಿನಲ್ಲಿದೆ. ಗೋಸುಂಬೆಯ ರೆಪ್ಪೆಗಳು ಒಂದಕ್ಕೊಂದು ಬೆಸೆದು ಶಂಕುವಿನಾಕಾರದ ಗುಬುಟಾಗಿವೆ, ತುದಿಯಲ್ಲಿ ಒಂದು ಸಣ್ಣ ರಂಧ್ರ ಮಾತ್ರ. ಎರಡು ಗುಬುಟುಗಳೂ ಬೇರೆಬೇರೆಯಾಗಿ ತಿರುಗಬಲ್ಲವು: ಒಂದು ಆಕಾಶದ ಕಾಗೆಯ ಮೇಲಿದ್ದರೆ ಇನ್ನೊಂದು ಕೆಳಗಿನ ಮಿಡತೆಯ ಮೇಲೆ. ಆರೋಗ್ಯವಂತ ಗೋಸುಂಬೆಯ ಮೈ ಗಂಟೆಗಟ್ಟಲೆ ಕಲ್ಲಾಗಿ ಕೂತರೂ ಕಣ್ಣು ಕೂರುವುದಿಲ್ಲ. ಯಾರಾದರೂ ಹತ್ತಿರ ಬಂದರೆ ಮೆಲ್ಲಗೆ ಕೊಂಬೆಯ ಆಚೆ ಬದಿಗೆ ಸರಿದು, ಈಚೆಗೆ ಒಂದು ಕಣ್ಣಷ್ಟೇ ಕಾಣುವಂತೆ ನಿಲ್ಲುತ್ತದೆ. ಈ ಜಾಗರೂಕತೆ ಇರುವವರೆಗೆ ಅದು ಸುಮ್ಮನಿದ್ದರೂ ಚಿಂತೆಯಿಲ್ಲ. ಹಾಡುಹಗಲಲ್ಲಿ ಕಣ್ಣು ಮುಚ್ಚಿ ಕೂತರೆ, ಗುಬುಟು ಒಳಕ್ಕೆ ಕುಸಿದಿದ್ದರೆ, ಒಂದು ಕಣ್ಣು ಊದಿದ್ದರೆ ಅದು ಅಪಾಯದ ಗುರುತು. ಕೊಂಬೆ ಬಿಟ್ಟು ಪಂಜರದ ತಳಕ್ಕೆ ಬಂದು ಬಿದ್ದುಕೊಳ್ಳುವುದು, ಹಿಡಿತ ಸಡಿಲವಾಗುವುದು, ಮಿಡತೆಯ ಮೇಲೆ ಗುರಿಯಿಟ್ಟೂ ನಾಲಗೆ ಹೊರಬಾರದಿರುವುದು, ಬಾಯಿ ತೆರೆದು ತಲೆ ಎತ್ತಿ ಉಸಿರಾಡುವುದು, ಇವೂ ಅದೇ ಸಾಲಿನವು. ಕಾಡಿನಲ್ಲಿ ಸೋತಂತೆ ಕಂಡ ಪ್ರಾಣಿಯ ಮೇಲೆ ಮೊದಲು ಎರಗುವುದು ಕಾಗೆ, ಗಿಡುಗ. ಆದ್ದರಿಂದ ಗೋಸುಂಬೆ ಕೈಲಾಗುವವರೆಗೂ ಕಾಯಿಲೆಯನ್ನು ಮುಚ್ಚಿಡುತ್ತದೆ. ‘ನಿನ್ನೆವರೆಗೂ ಚೆನ್ನಾಗಿತ್ತು’ ಎನ್ನುವುದು ಪಂಜರದ ಹೊರಗಿನಿಂದ ಕಂಡ ಮಾತು. ಒಳಗೆ ವಾರಗಳಿಂದ ಕೆಡುತ್ತಿತ್ತು.

ಕೆಡಲು ಮುಖ್ಯ ಕಾರಣ ನೀರಿನ ಕೊರತೆ. ಗೋಸುಂಬೆ ಬಟ್ಟಲಿನ ನಿಂತ ನೀರನ್ನು ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ. ಎಲೆಯ ಮೇಲಿನ ಇಬ್ಬನಿಯನ್ನೋ ಮಳೆಯ ಹನಿಯನ್ನೋ ನೆಕ್ಕಿ ಬದುಕುವ ಪ್ರಾಣಿ ಅದು. ಬಟ್ಟಲು ತುಂಬಿಸಿಟ್ಟು ನೆಮ್ಮದಿಯಿಂದಿರುವ ಮನೆಯಲ್ಲಿ ಅದು ಬಾಯಾರಿ ಸಾಯಬಹುದು. ಹಿಕ್ಕೆಯ ಜೊತೆ ಬೀಳುವ ಸುಣ್ಣದಂಥ ಬಿಳಿ ಮುದ್ದೆಯೇ ಅದರ ಮೂತ್ರ. ಬಿಳಿಯಾಗಿದ್ದರೆ ಸರಿ, ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ನೀರು ಸಾಲದು. ಪಾಲಾರ್ ನದಿ ಬತ್ತಿ ಟ್ಯಾಂಕರಿಗೆ ಕಾಯುವ ಊರಿನಲ್ಲಿ ಎಲೆಗಳಿಗೆ ನೀರು ಚಿಮುಕಿಸಬೇಕು ಎಂದರೆ ಯಾರಿಗೂ ಕೂಡಲೇ ಹೊಳೆಯಲಿಕ್ಕಿಲ್ಲ.

ಎರಡನೆಯ ಕಾರಣ ಬಿಸಿಲಿನ ಕೊರತೆಯೇ, ಆದರೆ ಕಾವಿನ ಲೆಕ್ಕದಲ್ಲಲ್ಲ. ಸೂರ್ಯನ ನೇರಳಾತೀತ ಕಿರಣ ಮೈಮೇಲೆ ಬಿದ್ದರೆ ಮಾತ್ರ ಡಿ3 ಜೀವಸತ್ವ ತಯಾರಾಗುತ್ತದೆ, ಅದಿದ್ದರೆ ಮಾತ್ರ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಕಿಟಕಿಯ ಗಾಜು ಈ ಕಿರಣವನ್ನು ತಡೆಯುತ್ತದೆ, ಗಾಜಿನ ಹಿಂದಿನ ಬಿಸಿಲು ಬೆಚ್ಚಗಿದ್ದರೂ ಈ ಕೆಲಸಕ್ಕೆ ಬಾರದು. ಮನೆಯ ಸೊಳ್ಳೆ, ನೊಣ, ಜಿರಳೆಗಳಲ್ಲಿ ಕ್ಯಾಲ್ಸಿಯಂ ಮೊದಲೇ ಕಡಿಮೆ. ಇವೆರಡೂ ಸೇರಿದರೆ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯತೊಡಗುತ್ತದೆ. ಮುಂಗಾಲು ಬಿಲ್ಲಾಗಿ ಬಾಗುತ್ತದೆ, ದವಡೆ ರಬ್ಬರಿನಂತೆ ಮೆತ್ತಗಾಗುತ್ತದೆ, ನಾಲಗೆಯ ಸ್ನಾಯು ಸೋಲುತ್ತದೆ. ಆ ಹೊತ್ತಿಗೆ ಪ್ರಾಣಿ ಅಲ್ಲಾಡುವುದನ್ನು ನಿಲ್ಲಿಸಿರುತ್ತದೆ. ಬಾಗಿದ ಮೂಳೆ ಮತ್ತೆ ನೆಟ್ಟಗಾಗುವುದಿಲ್ಲ.

ಹೆಣ್ಣಾಗಿದ್ದರೆ ಮೊಟ್ಟೆಯ ಪ್ರಶ್ನೆಯೂ ಇದೆ. ಮಳೆಗಾಲ ಮುಗಿಯುತ್ತ ಬಂದಂತೆ ಹೆಣ್ಣು ಗೋಸುಂಬೆ ಮರದಿಂದಿಳಿದು, ಮೆತ್ತನೆಯ ಹಸಿಮಣ್ಣನ್ನು ಹುಡುಕಿ, ಗುಂಡಿ ತೋಡಿ ಮೊಟ್ಟೆಗಳನ್ನು ಹುಗಿದು, ಮಣ್ಣು ಮುಚ್ಚಿ ಹೋಗುತ್ತದೆ. ರಸ್ತೆ ದಾಟುವ ಗೋಸುಂಬೆ ಹೆಚ್ಚಾಗಿ ಕಾಣುವುದೂ, ಗಾಡಿಗೆ ಸಿಕ್ಕುವುದೂ, ‘ಪಾಪ’ ಎಂದು ಚೀಲದಲ್ಲಿ ಮನೆಗೆ ಬರುವುದೂ ಈ ಕಾಲದಲ್ಲೇ. ಪಂಜರದಲ್ಲಿ ಮಣ್ಣಿಲ್ಲ. ಅದು ತಳವನ್ನು ಕೆರೆದು ಕೆರೆದು, ಮೊಟ್ಟೆ ಹೊಟ್ಟೆಯಲ್ಲೇ ಉಳಿದು, ಊಟ ಬಿಟ್ಟು, ಕೊನೆಗೆ ಸುಮ್ಮನಾಗುತ್ತದೆ. ಗಂಡಿಲ್ಲದೆಯೂ ಮೊಟ್ಟೆಗಳು ಬೆಳೆಯಬಲ್ಲವು ಎಂಬುದು ಸಾಕುವವರಿಗೆ ತಿಳಿದಿರುವುದಿಲ್ಲ. ಪಂಜರದ ಗೋಸುಂಬೆಗಳ ಸಾವಿನಲ್ಲಿ ತಪ್ಪಿಸಲು ಅತಿ ಸುಲಭವಾದದ್ದೂ, ಅತಿ ಹಿಂಸೆಯದ್ದೂ ಇದೇ ಎನ್ನಬಹುದು.

ಇನ್ನೆರಡು ಕಾರಣಗಳಿಗೆ ಸ್ಥಳೀಯ ಬಣ್ಣವಿದೆ. ಕೆಜಿಎಫ್‌ನ ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗಳ ಶೀಟ್ ಮಾಡು ಏಪ್ರಿಲ್ ಮಧ್ಯಾಹ್ನ ಕಾದ ಕಾವಲಿ. ಅದರ ಕೆಳಗೆ ತೂಗುಹಾಕಿದ ಪಂಜರದಲ್ಲಿ ಗೋಸುಂಬೆಗೆ ನೆರಳಿನತ್ತ ಸರಿಯುವ ದಾರಿಯಿಲ್ಲ. ಅದು ಪೇಲವವಾಗಿ, ಬಾಯಿ ಕಳೆದು ಕೂತರೆ ತಡಮಾಡದೆ ತಂಪಿನ ಜಾಗಕ್ಕೆ ಸಾಗಿಸಬೇಕು. ಇನ್ನೊಂದು, ಕೀಟನಾಶಕ. ಕೋಲಾರ ಜಿಲ್ಲೆ ಟೊಮೆಟೊಗೆ ಹೆಸರಾದದ್ದು, ಟೊಮೆಟೊ ತೋಟಕ್ಕೆ ಔಷಧಿ ಹೊಡೆಯದ ವಾರವಿಲ್ಲ. ಆ ಬದುವಿನಲ್ಲಿ ಕೈಗೆ ಸುಲಭವಾಗಿ ಸಿಗುವ ಮಿಡತೆ ಹಲವು ಸಲ ಆಗಲೇ ವಿಷ ತಗುಲಿ ತೂಕಡಿಸುತ್ತಿರುತ್ತದೆ. ಅದನ್ನು ತಿಂದ ಗೋಸುಂಬೆ ಕೆಲವೇ ಗಂಟೆಗಳಲ್ಲಿ ನಡುಗಿ ಜೋಲುಬೀಳಬಹುದು. ಪಕ್ಕದ ಹಿಪ್ಪುನೇರಳೆ ತೋಟ ಈ ಮಟ್ಟಿಗೆ ಸುರಕ್ಷಿತ: ಔಷಧಿ ಹೊಡೆದರೆ ರೇಷ್ಮೆಹುಳುವೇ ಸಾಯುತ್ತದೆಂಬ ಭಯ ರೈತನಿಗಿದೆ. ಹೊರದೇಶಗಳಲ್ಲಿ ಗೋಸುಂಬೆ ಸಾಕುವವರು ಮೇವಿಗೆಂದು ರೇಷ್ಮೆಹುಳುವನ್ನೇ ಕೊಂಡು ತರುತ್ತಾರೆ. ಜಂತುಹುಳ, ಬಾಯಿಹುಣ್ಣು, ಶ್ವಾಸಕೋಶದ ಸೋಂಕು ಇವು ಎಲ್ಲ ಕಡೆಯೂ ಇರುವಂಥವು, ವೈದ್ಯರ ಪರೀಕ್ಷೆಯಿಂದಲೇ ತಿಳಿಯಬೇಕು.

ಪ್ರಾಣಿ ದಿಢೀರನೆ ಸುಮ್ಮನಾದಾಗ ಮನೆಯವರು ಮಾಡುವುದು ಹೆಚ್ಚಾಗಿ ತಪ್ಪು ಕೆಲಸ: ಕೈಗೆತ್ತಿಕೊಂಡು ತಿರುಗಿಸಿ ನೋಡುವುದು, ಬಾಯಿ ಬಿಡಿಸಿ ಹಾಲೋ ಅನ್ನವೋ ತುರುಕುವುದು. ಹುಳುಹುಪ್ಪಟೆ ತಿಂದು ಬದುಕುವ ಪ್ರಾಣಿಗೆ ಹಾಲು ಜೀರ್ಣವಾಗುವುದಿಲ್ಲ, ಬಲವಂತದ ನೀರು ಶ್ವಾಸನಾಳಕ್ಕೆ ಇಳಿದರೆ ಅಲ್ಲಿಗೆ ಮುಗಿಯಿತು. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಎಲೆಯಿರುವ ಒಂದು ರೆಂಬೆಯನ್ನು ಅಡ್ಡಲಾಗಿ ಸಿಕ್ಕಿಸಿ, ಎಲೆಗಳಿಗೆ ನೀರು ಚಿಮುಕಿಸಿ, ಅರ್ಧ ನೆರಳು ಅರ್ಧ ಬೆಳಗಿನ ಬಿಸಿಲಿನಲ್ಲಿಟ್ಟು, ಜನರನ್ನೂ ಬೆಕ್ಕನ್ನೂ ದೂರವಿಡುವುದೇ ಮನೆಮಟ್ಟದ ಚಿಕಿತ್ಸೆ. ಊರಿನ ಪಶುವೈದ್ಯರ ದಿನನಿತ್ಯದ ಕೆಲಸ ಹಸು, ಕುರಿ, ನಾಯಿಗಳದು. ಸರೀಸೃಪದ ವೈದ್ಯ ಸಿಗುವುದು ಬೆಂಗಳೂರಿನಲ್ಲಿ. ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಿದೆ. ಬಂಗಾರಪೇಟೆ ಜಂಕ್ಷನ್ನಿನಿಂದ ಬೆಂಗಳೂರಿಗೆ ರೈಲುದಾರಿ ಸುಮಾರು 70 ಕಿ.ಮೀ.; ಆದರೆ ಪೆಟ್ಟಿಗೆ ಹಿಡಿದು ಹೊರಡುವ ಮೊದಲು ಅರಣ್ಯ ಇಲಾಖೆಗೆ ತಿಳಿಸಬೇಕು.

ಏಕೆಂದರೆ ಬೇಲಿಯಿಂದ ತಂದ ಗೋಸುಂಬೆಯನ್ನು ಸಾಕುವುದೇ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ. ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಮೂರೂ ನಿಷಿದ್ಧ. ಮಾರಾಟಕ್ಕೆ ಬರುವ ಯೆಮೆನ್, ಮಡಗಾಸ್ಕರ್ ಮೂಲದ ಗೋಸುಂಬೆಗಳು ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಅಂಥವನ್ನು ಇಟ್ಟುಕೊಂಡವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್ಲಿನಲ್ಲಿ ನೋಂದಾಯಿಸಬೇಕು. ನಮ್ಮ ಗೋಸುಂಬೆಗೆ ಅಂಥ ನೋಂದಣಿಯ ದಾರಿಯೂ ಇಲ್ಲ. ಮೇಲೆ ಹೇಳಿದ ಕಾರಣಗಳಲ್ಲಿ ನೀರು, ಬಿಸಿಲು, ಮಣ್ಣು, ನೆರಳು ಈ ನಾಲ್ಕೂ ಬೇಲಿಯ ಮೇಲೆ ಪುಕ್ಕಟೆಯಾಗಿ ಸಿಗುವಂಥವು, ಪಂಜರದಲ್ಲಿ ದುಡ್ಡು ಸುರಿದರೂ ಪೂರ್ತಿ ಹೊಂದಿಸಲಾಗದವು. ಕೆಜಿಎಫ್, ಬಂಗಾರಪೇಟೆ ಕಡೆ ಯಾರ ಮನೆಯಲ್ಲಾದರೂ ಗೋಸುಂಬೆ ಮಂಕಾಗಿ ಕೂತಿದ್ದರೆ ಹತ್ತಿರದ ವಲಯ ಅರಣ್ಯ ಕಚೇರಿಗೆ ಒಪ್ಪಿಸಿ. ರಸ್ತೆ ದಾಟುತ್ತಿರುವುದು ಕಂಡರೆ ಮನೆಗೆ ತರಬೇಡಿ, ಒಂದು ಕೋಲು ಮುಂದಿಡಿ. ಅದು ಹತ್ತಿಕೊಂಡ ಮೇಲೆ ಹೊರಟಿದ್ದ ದಿಕ್ಕಿನ ಬೇಲಿಗೇ ಬಿಡಿ.