ಆ ಬಿಸಿ ಯಾವ ಚುಕ್ಕಿಯದು?

ಬೇಸಿಗೆಯಲ್ಲಿ ಕರೆಂಟ್ ಹೋದರೆ ಗುಂಡ್ಲುಪೇಟೆ ಕಡೆಯ ನಮ್ಮೂರಲ್ಲಿ ಜಗುಲಿಯೇ ಗತಿ. ಅಂಥ ಒಂದು ರಾತ್ರಿ ಅವ್ವ ಕೇಳಿದಳು: "ನನ್ನ ದುಡ್ಡು ಯಾವಾಗ ಬತ್ತದ ಮಗ?"

ನಾಲ್ಕು ತಿಂಗಳಿಂದ ಅವಳ ವಿಧವಾ ವೇತನ ನಿಂತಿತ್ತು. ನಮ್ಮ ಬೀದಿಯಲ್ಲೇ ಅವಳ ಹೆಸರಿನ ಇನ್ನೊಬ್ಬರು ತೀರಿಕೊಂಡಿದ್ದರು. ಯಾವುದೋ ಕಚೇರಿಯಲ್ಲಿ ಹೆಸರು, ಬೀದಿ ಎರಡೇ ನೋಡಿ ಆ ಸಾವನ್ನು ಅವ್ವನ ಲೆಕ್ಕಕ್ಕೆ ಬರೆದುಬಿಟ್ಟಿದ್ದರು.

ಆಗ ನಾನು ನಕ್ಷತ್ರಗಳ ಬಗ್ಗೆ ಓದುತ್ತಿದ್ದೆ. ಅಲ್ಲೂ ಇದೇ ಪೇಚು.

ಬೂದಿ ಮುಚ್ಚಿದ ಕೆಂಡ ಕಣ್ಣಿಗೆ ಕಾಣದು, ಕೈ ಚಾಚಿದರೆ ಬಿಸಿ ತಾಗುತ್ತದೆ. ಆ ಬಿಸಿಯನ್ನು ಹೊತ್ತು ತರುವುದು ಅವಕೆಂಪು ಕಿರಣ, ಅಂದರೆ ಇನ್ಫ್ರಾರೆಡ್. ದೂಳು ಮುಸುಕಿದ ನಕ್ಷತ್ರವೂ ಹಾಗೇ. 1983ರಲ್ಲಿ ಹಾರಿಸಿದ ಐರಾಸ್ ಉಪಗ್ರಹ ಸುಮಾರು ಹತ್ತು ತಿಂಗಳಲ್ಲಿ ಎರಡೂವರೆ ಲಕ್ಷದಷ್ಟು ಬಿಸಿ ಚುಕ್ಕಿಗಳನ್ನು ಕಂಡಿತು. ಆದರೆ ಅದರ ನೋಟ ಮಸುಕು. ಅದು ತೋರಿಸಿದ ಜಾಗವನ್ನು ಮಾಮೂಲಿ ದೂರದರ್ಶಕದ ಚಿತ್ರದಲ್ಲಿ ಹುಡುಕಿದರೆ ಕೆಲವೊಮ್ಮೆ ನಾಲ್ಕಾರು ನಕ್ಷತ್ರ ಸಿಗುತ್ತವೆ. ಮಂದ ನಕ್ಷತ್ರಗಳ ಸಂಖ್ಯೆಯೇ ಹೆಚ್ಚು. ಸಂಬಂಧವಿಲ್ಲದವೂ ಪಕ್ಕದಲ್ಲಿ ಬಂದು ಕೂತಿರುತ್ತವೆ. ಹತ್ತಿರದ್ದೇ ಸರಿ ಅನ್ನುವಂತಿಲ್ಲ. ಬಣ್ಣ, ಹೊಳಪು ತಾಳೆ ನೋಡಬೇಕು. ಕೊನೆಗೆ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ಓದಬೇಕು. ಅದು ನಕ್ಷತ್ರದ ಹೆಬ್ಬೆಟ್ಟು.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎಂ. ಪಾರ್ಥಸಾರಥಿ ಮತ್ತು ಸಂಗಡಿಗರು ಇಂಥ ಬಿಸಿ ಚುಕ್ಕಿಗಳ ಹಿಂದಿರುವ ನಕ್ಷತ್ರಗಳನ್ನು ಪರಿಶೀಲಿಸಿದವರು. ಅವುಗಳಲ್ಲಿ ಒಂದು, ಹಳೆಯ ಪಟ್ಟಿಯಲ್ಲಿ ಎಸ್‌ಎಒ 244567 ಎಂದಿದ್ದ ನಕ್ಷತ್ರ. 1971ರಲ್ಲಿ ಅದರ ಬೆಳಕು ಬರೀ ಬಿಸಿ ನಕ್ಷತ್ರದ್ದು. 1990ರ ಹೊತ್ತಿಗೆ ಹೊಳೆಯುವ ಅನಿಲದ ಗುರುತು ಮೂಡಿತ್ತು. ಮುಪ್ಪಿನ ನಕ್ಷತ್ರ ಮೈಯ ಹೊರಪದರ ಕಳಚಿತ್ತು. ಆ ಅನಿಲ ಈಗ ಬೆಳಗತೊಡಗಿತ್ತು. ಮನುಷ್ಯನ ಆಯಸ್ಸಿನೊಳಗೇ ಇಂಥ ಬದಲಾವಣೆ ಕಾಣುವುದು ಬಲು ಅಪರೂಪ. 1993ರಲ್ಲಿ ಅವರು ಇದನ್ನು ಪ್ರಕಟಿಸಿದರು. ಪಕ್ಕದ ನಕ್ಷತ್ರಕ್ಕೆ ಗಂಟು ಹಾಕಿದ್ದರೆ ಆ ಕತೆಯೇ ಸಿಗುತ್ತಿರಲಿಲ್ಲ.

ಅವ್ವನ ಹೆಬ್ಬೆಟ್ಟಿಗಾಗಿ ನಾವು ಚಾಮರಾಜನಗರಕ್ಕೆ ಎರಡು ಸಲ ಬಸ್ ಹತ್ತಿದೆವು. ಕೊನೆಗೆ ಒಬ್ಬರು ಮನೆಗೇ ಬಂದು, ಅವ್ವನನ್ನು ಮಾತಾಡಿಸಿ, ಜೀವಂತ ಇದ್ದಾಳೆ ಅಂತ ಬರೆದುಕೊಂಡರು. ಹಣ ಬಂತು.

ಮೇ ತಿಂಗಳ ನಡುರಾತ್ರಿ ಕಳೆದ ಮೇಲೆ, ದಕ್ಷಿಣದಲ್ಲಿ ನೀಲಗಿರಿ ಕಡೆಗೆ, ಚೇಳಿನ ಬಾಲದ ಕೆಳಗೆ ಆ ನಕ್ಷತ್ರದ ಜಾಗ. ಬರಿಗಣ್ಣಿಗೆ ಕಾಣದು. ಆದರೂ ಅವ್ವನಿಗೆ ತೋರಿಸಿ ಕತೆ ಹೇಳಿದೆ.

"ಅಷ್ಟು ದೂರದ್ದನ್ನೂ ಇದು ಯಾರು ಅಂತ ವಿಚಾರಿಸ್ತಾರಲ್ಲ ಮಗ," ಅಂದಳು.