ಗುಳ್ಳೆ ನಿಂತ ಮೇಲೆ

ಕಾಫಿಯ ನಾಡಿನವರಿಗೆ ಹುಳಿಸುವ ವಿದ್ಯೆಯನ್ನು ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಟ್ಟಗಳಲ್ಲಿ ಹಣ್ಣು ಕೊಯ್ಯುವ ಕಾಲ ಬಂದಿತೆಂದರೆ ತೋಟದ ತೊಟ್ಟಿಗಳಿಂದ ಏಳುವ ಹುಳಿವಾಸನೆಯು ಮಂಜಿನೊಡನೆ ಬೆರೆತು ಮನೆಯಂಗಳದವರೆಗೂ ಬರುತ್ತದೆ. ಪಲ್ಪರ್ ಯಂತ್ರವು ಹಣ್ಣಿನ ಸಿಪ್ಪೆಯನ್ನು ಸುಲಿದರೂ ಬೀಜಕ್ಕಂಟಿದ ಲೋಳೆಯು ಹಾಗೆಯೇ ಉಳಿಯುತ್ತದೆ. ತೊಟ್ಟಿಯಲ್ಲಿ ಹುಳಿಯಲು ಬಿಟ್ಟರೆ ಅರೇಬಿಕದ ಲೋಳೆಯು ಸುಮಾರು 24ರಿಂದ 36 ಗಂಟೆಗಳಲ್ಲಿ ಸಡಿಲುವುದು; ರೊಬಸ್ಟಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ಬೇಗನೆ ತೊಳೆದರೆ ಲೋಳೆ ಹೋಗದು. ತಡವಾದರೆ ಬೀಜಕ್ಕೆ ದುರ್ವಾಸನೆ ಹತ್ತುವುದು. ಒಂದು ವರ್ಷದ ದುಡಿಮೆಯು ಆ ಒಂದು ರಾತ್ರಿಯ ತೀರ್ಮಾನದ ಮೇಲೆ ನಿಂತಿರುತ್ತದೆ. ಬಾಳೆಹೊನ್ನೂರಿನಲ್ಲಿ 1925ರಿಂದಲೂ ಕಾಫಿಯ ಸಂಶೋಧನೆ ನಡೆದುಬಂದಿದೆ. ಆದರೂ ತೋಟದ ಹಿರಿಯರಿಗೆ ಅಂಗೈಯೇ ಪ್ರಯೋಗಶಾಲೆ. ಹಿಡಿಯಷ್ಟು ಬೀಜವನ್ನು ನೀರಿನಲ್ಲಿ ಅಲುಬಿ ಉಜ್ಜಿದಾಗ ಜಾರದೆ, ಹೊಳೆಯ ಮರಳಿನಂತೆ ಗರಗರ ಎಂದರೆ ಕೆಲಸ ಮುಗಿಯಿತು.

ಕಳಸದ ಕಡೆಯ ಒಂದು ತೋಟದ ಮನೆಯಲ್ಲಿ ಈ ಅಂಗೈಯ ಅಧಿಕಾರವು ಅಜ್ಜಿಯದು. ಆ ಮನೆಯ ಮಗನು ಇಂಗ್ಲೆಂಡಿನಲ್ಲಿ ಓದಿ, ಅಲ್ಲಿಯೇ ಎರಡು ವರ್ಷ ದುಡಿದು, ಊರಿಗೆ ಮರಳಿದನು. ಮರಳಿದ್ದೇನೋ ಸರಿ, ನಿಲ್ಲುವನೋ ಇಲ್ಲವೋ ಎಂಬುದು ತಂದೆಯವರ ಚಿಂತೆ. ಬಾಯಿಬಿಟ್ಟು ಕೇಳುವ ಸ್ವಭಾವ ಅವರದಲ್ಲ. ಹುಡುಗನು ಬೆಳಗಿನ ಹಾಜರಿಗೆ ಬಂದರೆ ಸಂತೋಷ, ಬಾರದಿದ್ದರೆ ಮೌನ.

ಮಗನು ಪರದೇಶದಲ್ಲಿ ಕಲಿತುಬಂದ ಹವ್ಯಾಸಗಳಲ್ಲಿ ಮನೆಯಲ್ಲಿಯೇ ಬಿಯರು ಮಾಡಿ ಬಾಟಲಿಗೆ ತುಂಬುವುದೂ ಒಂದು. 1963ರಿಂದ ಆ ದೇಶದಲ್ಲಿ ಸ್ವಂತ ಉಪಯೋಗಕ್ಕೆ ಬಿಯರು ಮಾಡಿಕೊಳ್ಳಲು ಲೈಸೆನ್ಸು ಬೇಕಿಲ್ಲ. ಇಲ್ಲಿಯೂ ಒಂದು ಹಂಡೆ ಹೂಡಿಬಿಡಬೇಕೆಂಬ ಉತ್ಸಾಹ ಅವನದು. ತಂದೆಯವರು ಪತ್ರಿಕೆಯಿಂದ ತಲೆಯೆತ್ತದೆಯೇ, “ನಮ್ಮಲ್ಲಿ 1965ರ ಅಬಕಾರಿ ಕಾಯಿದೆ ಇದೆ. ಲೈಸೆನ್ಸಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಈ ಮನೆಯಂಗಳಕ್ಕೆ ಪೊಲೀಸರು ಬಂದದ್ದಿಲ್ಲ” ಎಂದರು. ಮಾತು ಅಲ್ಲಿಗೆ ಮುಗಿಯಿತು.

ಬಿಯರು ಹೋಗಿ ಶುಂಠಿ ಬಂದಿತು. ತೋಟದ ಶುಂಠಿಯನ್ನು ಜಜ್ಜಿ, ನೀರಿನಲ್ಲಿ ಕುದಿಸಿ, ಲೀಟರಿಗೆ 60 ಗ್ರಾಮಿನಂತೆ ಸಕ್ಕರೆ ಬೆರೆಸಿ, ನಿಂಬೆರಸ ಹಿಂಡಿ, ಆರಿದ ಮೇಲೆ ಚಿಟಿಕೆಯಷ್ಟು ಯೀಸ್ಟು ಹಾಕಿ ಮುಚ್ಚಿಟ್ಟನು. ಬೇಗನೆ ತಂಪುಪೆಟ್ಟಿಗೆಗೆ ಸೇರಿಸಿ ಕುಡಿದುಬಿಟ್ಟರೆ ಅದು ನೊರೆಯ ಪಾನಕವೇ ಹೊರತು ಮದ್ಯವಲ್ಲ. ಅದು ಜನವರಿಯ ಕಡುಚಳಿ. ಮೊದಲ ದಿನ ಗುಳ್ಳೆಗಳೆದ್ದುವು; ಎರಡನೆಯ ರಾತ್ರಿ ಕಡಮೆಯಾದುವು; ಮೂರನೆಯ ಬೆಳಗ್ಗೆ ಪಾತ್ರೆ ನಿಶ್ಚಲ. “ಗುಳ್ಳೆ ನಿಂತಿತು, ಇನ್ನು ತುಂಬಬಹುದು” ಎಂದು ಮಗನು ಉಗ್ರಾಣದಲ್ಲಿದ್ದ ಹನ್ನೆರಡು ಹಳೆಯ ಸ್ಕ್ವಾಷ್ ಬಾಟಲಿಗಳನ್ನು ತೊಳೆದು ತುಂಬಿ, ತಿರುಪುಮುಚ್ಚಳ ಬಿಗಿದು, ಅಲ್ಲಿಯೇ ಸಾಲಾಗಿಟ್ಟನು. ತಂಪುಪೆಟ್ಟಿಗೆಯಲ್ಲಿ ಜಾಗವಿರಲಿಲ್ಲ.

ಎರಡು ವಾರ ಏನೂ ಆಗಲಿಲ್ಲ. ಅಷ್ಟರಲ್ಲಿ ಕಾಳುಮೆಣಸಿನ ಚೀಲಗಳು ಉಗ್ರಾಣಕ್ಕೆ ಬಂದುವು. ಬಾಟಲಿಗಳು ಅಡುಗೆಮನೆಯ ಒಲೆಯ ಪಕ್ಕದ ಗೂಡನ್ನು ಸೇರಿದುವು. ಐದನೆಯ ದಿನ ಮಧ್ಯಾಹ್ನ, ಅಕ್ಕನ ಮಗಳು ಎಂಟು ವರ್ಷದ ಹುಡುಗಿ, ಆ ಗೂಡಿನ ಕೆಳಗಿನ ಡಬ್ಬಿಯಿಂದ ಬೆಲ್ಲದ ಚೂರನ್ನು ತೆಗೆದುಕೊಂಡು ಜಗಲಿಗೆ ಓಡಿದಳು. ಅವಳು ಹೊಸ್ತಿಲು ದಾಟಿದಳೋ ಇಲ್ಲವೋ, ಕೋವಿ ಹಾರಿದಂತೆ ಒಂದು ಸದ್ದು. ಅದರ ಬೆನ್ನಿಗೇ ಮತ್ತೆರಡು. ಗಾಜಿನ ಚೂರುಗಳು ಎದುರುಗೋಡೆಯ ಗಾರೆಯಲ್ಲಿ ನಾಟಿದ್ದುವು.

ತಂದೆಯವರು ಓಡಿಬಂದು ಎಲ್ಲರನ್ನೂ ಹೊರಕ್ಕೆ ಕಳುಹಿಸಿ, ಒಲೆಯ ಬೆಂಕಿಯನ್ನು ಆರಿಸಿ, ದಪ್ಪ ಕಂಬಳಿಯೊಂದನ್ನು ಮುಖಕ್ಕೆ ಅಡ್ಡಹಿಡಿದು ನಡೆದು ಉಳಿದ ಒಂಬತ್ತು ಬಾಟಲಿಗಳ ಮೇಲೆ ಹೊದಿಸಿದರು. ಕಂಬಳಿಯೊಳಗೇ ಇನ್ನೆರಡು ಒಡೆದುವು. ರಾತ್ರಿಯ ಚಳಿಯಿಳಿಯುವವರೆಗೆ ಅಡುಗೆಮನೆಯತ್ತ ಯಾರೂ ಸುಳಿಯಲಿಲ್ಲ. ಅಂದು ಆ ಮನೆಯಲ್ಲಿ ಅವಲಕ್ಕಿಯೇ ಊಟ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತಂದೆಯವರು ಬಹಳ ಹೊತ್ತು ಜಗಲಿಯಲ್ಲಿದ್ದರು. ಮಗನಿಗೆ ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಮೌನವನ್ನು ಮುರಿದವರು ಅಜ್ಜಿ. “ಗುಳ್ಳೆ ನಿಂತರೆ ಮುಗಿಯಿತೆಂದು ನಿನಗೆ ಹೇಳಿದವರಾರು, ಮಗಾ? ಚಳಿ ಹೆಚ್ಚಿದ ರಾತ್ರಿ ನಮ್ಮ ಕಾಫಿ ತೊಟ್ಟಿಯೂ ಸುಮ್ಮನೆ ಮಲಗಿರುತ್ತದೆ. ಹಾಗೆಂದು ಬೆಳಗ್ಗೆ ತೊಳೆದುಬಿಡುತ್ತೇವೆಯೆ? ಕೈಹಾಕಿ ನೋಡುತ್ತೇವೆ.”

ಆ ಒಂದು ಮಾತಿನಲ್ಲಿ ಇಡಿಯ ಶಾಸ್ತ್ರವೇ ಅಡಗಿತ್ತು. ಯೀಸ್ಟು ಜೀವಿ, ಪಾಸ್ತರನು 1876ರಲ್ಲಿ ಬಿಯರನ್ನು ಕುರಿತೇ ಒಂದು ಗ್ರಂಥ ಬರೆದು ಇಂಥ ಸೂಕ್ಷ್ಮಜೀವಿಗಳ ಕೆಲಸವನ್ನು ವಿವರಿಸಿದ್ದಾನೆ. ಚಳಿಗೆ ಅದು ಮಂದವಾಗುತ್ತದೆ, ಸಾಯುವುದಿಲ್ಲ. ಬೆಚ್ಚಗಾದೊಡನೆ ಎದ್ದು ಉಳಿದ ಸಕ್ಕರೆಯನ್ನು ತಿನ್ನುತ್ತದೆ. ಒಂದು ಗ್ರಾಂ ಸಕ್ಕರೆಯಿಂದ ಸುಮಾರು ಅರ್ಧ ಗ್ರಾಂ ಇಂಗಾಲಾಮ್ಲ ಅನಿಲ ಹುಟ್ಟುವುದು. ಬಿಯರಿನ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ಲೀಟರಿಗೆ 5 ಗ್ರಾಮಿನಷ್ಟು. ಮಗನ ಪಾನಕದ 60 ಗ್ರಾಂ ಸಕ್ಕರೆ ಪೂರ್ತಿಯಾಗಿ ಹುಳಿತಿದ್ದರೆ 30 ಗ್ರಾಂ! ತೆಳುಗಾಜಿನ ಸ್ಕ್ವಾಷ್ ಬಾಟಲಿಯು ಅಷ್ಟಕ್ಕೆ ಕಾಯಲಿಲ್ಲ, ಕಾಲುಭಾಗಕ್ಕೇ ಕೈಚೆಲ್ಲಿರಬೇಕು.

ಮಗನಿಗೆ ನಾಚಿಕೆಯಾದುದು ಬೇರೊಂದು ಕಾರಣಕ್ಕೆ. ಇಂಗ್ಲೆಂಡಿನಲ್ಲಿ ಅವನು ಗುಳ್ಳೆಯನ್ನು ನಂಬಿದವನೇ ಅಲ್ಲ. ಅಲ್ಲಿ ಅವನ ಬಳಿ ಹೈಡ್ರಾಮೀಟರ್ ಇತ್ತು—ನಮ್ಮ ಡೈರಿಗಳಲ್ಲಿ ಹಾಲನ್ನು ಪರೀಕ್ಷಿಸುವ ಗಾಜಿನ ಕಡ್ಡಿಯ ಸೋದರ. ಸಕ್ಕರೆ ಕರಗಿದಂತೆಲ್ಲ ಕಡ್ಡಿಯು ಆಳಕ್ಕಿಳಿಯುತ್ತದೆ. 1.050ರಿಂದ ಹೊರಟ ಬಿಯರು 1.010ರ ಸುಮಾರಿಗೆ ಬಂದು, ಎರಡು ಮೂರು ದಿನ ಒಂದೇ ಅಂಕೆಯನ್ನು ತೋರಿದರೆ ಮಾತ್ರ ಅದು ಮುಗಿದಂತೆ. ಆಮೇಲೆ ಅಳೆದು ಲೀಟರಿಗೆ 6 ಗ್ರಾಮಿನಷ್ಟು ಸಕ್ಕರೆಯನ್ನು ಹೊಸದಾಗಿ ಬೆರೆಸಿ, ಒತ್ತಡ ತಾಳುವ ದಪ್ಪಗಾಜಿನಲ್ಲಿ, ಕತ್ತಿನಲ್ಲಿ ಒಂದಂಗುಲ ಬಿಟ್ಟು ತುಂಬಿ, ಎರಡು ವಾರ ಬೆಚ್ಚಗಿಡುವುದು ಕ್ರಮ. ಶುಂಠಿಯದು ಇದಕ್ಕೆ ತದ್ವಿರುದ್ಧ. ಸಕ್ಕರೆ ಉಳಿದಿರುವಾಗಲೇ ತುಂಬುವುದರಿಂದ ಅದಕ್ಕೆ ತಂಪುಪೆಟ್ಟಿಗೆಯೇ ಕಡಿವಾಣ. ತಾನು ಅರಿತಿದ್ದನ್ನು ಊರಿಗೆ ಬಂದೊಡನೆ ಮರೆತೆನಲ್ಲ, ಮನೆಯ ಕೆಲಸವೆಂದು ಹಗುರಾಗಿ ಕಂಡೆನಲ್ಲ ಎಂಬುದೇ ಅವನ ಕೊರಗು.

ಈ ತಪ್ಪು ಅವನೊಬ್ಬನದೇನೂ ಅಲ್ಲ. ಫ್ರಾನ್ಸಿನ ಷಾಂಪೇನ್ ಸೀಮೆಯ ನೆಲಮಾಳಿಗೆಗಳಲ್ಲಿ ಒಂದು ಬಾಟಲಿ ಒಡೆದರೆ ಸಾಲುಸಾಲೇ ಒಡೆಯುತ್ತಿದ್ದ ಕಾಲವಿತ್ತು. ಕೆಲಸಗಾರರು ಕಬ್ಬಿಣದ ಮುಖವಾಡ ಧರಿಸಿ ಒಳಹೋಗುತ್ತಿದ್ದರು. 1836ರಲ್ಲಿ ಫ್ರಾಂಸ್ವಾ ಎಂಬ ಔಷಧ ವ್ಯಾಪಾರಿಯು ದ್ರಾಕ್ಷಾರಸದಲ್ಲಿ ಉಳಿದ ಸಕ್ಕರೆಯನ್ನು ಅಳೆಯುವ ಬಗೆಯನ್ನು ಪ್ರಕಟಿಸಿದ ಮೇಲೆ ಆ ಹಾವಳಿ ತಗ್ಗುತ್ತ ಬಂದಿತು. ಅಳತೆಯು ಅಲ್ಲಿಯೂ ಪೆಟ್ಟು ತಿಂದ ಮೇಲೆಯೇ ಬಂದದ್ದು.

ಮರುದಿನ ನಸುಕಿನ ಚಳಿಯಲ್ಲಿ ತಂದೆ ಮಕ್ಕಳಿಬ್ಬರೂ ಉಳಿದ ಏಳು ಬಾಟಲಿಗಳನ್ನು ಕಂಬಳಿ ಸುತ್ತಿ ಅಂಗಳಕ್ಕೆ ಒಯ್ದು, ಮುಖ ತಿರುಗಿಸಿ, ಒಂದೊಂದಾಗಿ ಮುಚ್ಚಳ ಸಡಿಲಿಸಿದರು. ನೊರೆಯು ಆಳೆತ್ತರ ಚಿಮ್ಮಿತು. ಕೊನೆಯದರಲ್ಲಿ ಉಳಿದ ಗುಟುಕನ್ನು ಸವಿದು ತಂದೆಯವರು, “ರುಚಿಗೇನೂ ದೋಷವಿಲ್ಲ” ಎಂದರು. ಎರಡು ದಿನಗಳಲ್ಲಿ ಅವರಾಡಿದ ಮೊದಲ ಮಾತು ಅದು.

ಆ ಮನೆಯಲ್ಲಿ ಶುಂಠಿಯ ಪಾನಕ ಈಗಲೂ ಆಗುತ್ತದೆ. ಆದರೆ ಗಾಜಿನಲ್ಲಲ್ಲ; ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಗಳಲ್ಲಿ. ಅದುಮಿದರೆ ತಗ್ಗುವವರೆಗೆ ಹೊರಗೆ, ಕಲ್ಲಿನಂತೆ ಗಟ್ಟಿಯಾದೊಡನೆ ತಂಪುಪೆಟ್ಟಿಗೆಗೆ. ಅಲ್ಲಿ ಜಾಗ ಮಾಡದೆ ಹಂಡೆಯನ್ನೇ ಮುಟ್ಟಕೂಡದೆಂಬುದು ಅಮ್ಮನ ಆಜ್ಞೆ.

ಮುಂದಿನ ಡಿಸೆಂಬರಿನಲ್ಲಿ ಮೊದಲ ಪಲ್ಪಿಂಗಿನ ರಾತ್ರಿ ತಂದೆಯವರು ಟಾರ್ಚನ್ನು ಮಗನ ಕೈಗಿತ್ತು, “ಈ ವರ್ಷ ತೊಟ್ಟಿಯನ್ನು ನೀನೇ ನೋಡಿಕೊ” ಎಂದರು. ಮರುದಿನ ರಾತ್ರಿ ಎರಡು ಗಂಟೆಗೆ ತೊಟ್ಟಿಯು ಸದ್ದಿಲ್ಲದೆ ಮಲಗಿತ್ತು. ಮಗನು ತೋಳು ಮಡಿಸಿ, ತಣ್ಣನೆಯ ಲೋಳೆಯೊಳಗೆ ಮೊಳಕೈವರೆಗೆ ಕೈಯಿಳಿಸಿ, ಒಂದು ಹಿಡಿ ಬೀಜ ತೆಗೆದು ತೊಳೆದು ಉಜ್ಜಿದನು. ಇನ್ನೂ ಜಾರುತ್ತಿತ್ತು. ಕಂಬಳಿಯನ್ನು ಹೊದ್ದು ತೊಟ್ಟಿಯ ಕಟ್ಟೆಯ ಮೇಲೆಯೇ ಕುಳಿತನು.