ವುಡ್‌ವರ್ಡ್ ರಸ್ತೆಯಲ್ಲಿ ಒಂದು ರಬ್ಬರ್ ಬಳೆ

ಡೆಟ್ರಾಯಿಟ್ ನದಿಯ ದಂಡೆಯಿಂದ ಹೊರಟು ಪಾಂಟಿಯಾಕ್ ಊರಿನವರೆಗೆ ಹೋಗುವ ವುಡ್‌ವರ್ಡ್ ಅವೆನ್ಯೂ ಮಿಷಿಗನ್ ಕನ್ನಡಿಗರಿಗೆ ಹೊಸದೇನಲ್ಲ. ಮಕ್ಕಳಿಗೆ ಮೃಗಾಲಯ ತೋರಿಸಬೇಕೆಂದರೂ, ಊರಿನಿಂದ ಬಂದ ನೆಂಟರನ್ನು ಕಲಾ ಸಂಗ್ರಹಾಲಯಕ್ಕೆ ಕರೆದೊಯ್ಯಬೇಕೆಂದರೂ ನಾವು ಹಿಡಿಯುವುದು ಇದೇ ದಾರಿ. ಕಳೆದ ವಸಂತದಲ್ಲಿ ನಾನು ಮೂರು ಶನಿವಾರ ಈ ರಸ್ತೆಯಲ್ಲಿ ಅಲೆದದ್ದು ಮಾತ್ರ ಬ್ರೆಡ್ ಮೆಷಿನ್ನಿನ ಒಂದು ಬಿಡಿಭಾಗಕ್ಕಾಗಿ.

"ಹೊಸದೊಂದು ತಂದುಬಿಡಿ, ಅದೇನು ಮಹಾ!" ಎಂದು ಸ್ನೇಹಿತರು ನಕ್ಕರು. ಆದರೆ ನಮ್ಮ ಮನೆಯಲ್ಲಿ ಆ ಮೆಷಿನ್ ನಡೆಸುವವರು ಮಾವನವರು. ವಯಸ್ಸು 84. ಹೃದಯ ದುರ್ಬಲವಾಗಿದೆ, ಉಪ್ಪಿಗೆ ಕಡಿವಾಣ ಹಾಕಲೇಬೇಕು. ಅಂಗಡಿ ಬ್ರೆಡ್ಡಿನ ಒಂದು ಹೋಳಿನಲ್ಲೇ ಸಾಮಾನ್ಯವಾಗಿ 100ರಿಂದ 200 ಮಿಲಿಗ್ರಾಂ ಸೋಡಿಯಂ ಇರುತ್ತದೆ. ದಿನಕ್ಕೆ ನಾಲ್ಕು ಹೋಳು ತಿಂದರೆ ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿ. ಮನೆಯಲ್ಲಾದರೆ ಒಂದಿಡೀ ಬ್ರೆಡ್ಡಿಗೆ ಕಾಲು ಟೀ ಚಮಚ ಉಪ್ಪು ಸಾಕು. (ಉಪ್ಪು ಕಡಿಮೆಯಾದರೆ ಹಿಟ್ಟು ಅವಸರದಲ್ಲಿ ಉಬ್ಬಿ ಬ್ರೆಡ್ಡಿನ ನೆತ್ತಿ ಕುಸಿಯುತ್ತದೆ, ಆದ್ದರಿಂದ ಯೀಸ್ಟನ್ನೂ ಸ್ವಲ್ಪ ಇಳಿಸಬೇಕು.)

ಇನ್ನೊಂದು ಕಾರಣ ಅವರ ಕಣ್ಣು. ಅಕ್ಷಿಪಟಲದ ನಡುಭಾಗ ಸವೆದಿರುವುದರಿಂದ ಅಕ್ಷರ ಕಾಣುವುದಿಲ್ಲ. ಈ ಹಳೆಯ ಮೆಷಿನ್ನಿನ ಉಬ್ಬು ಗುಂಡಿಗಳನ್ನು ಬೆರಳಿನಲ್ಲೇ ಎಣಿಸಿ ಒತ್ತುತ್ತಾರೆ. ಅಂಗಡಿಯಲ್ಲಿ ನಾನು ನೋಡಿದ ಹೊಸ ಮೆಷಿನ್ನುಗಳ ಮುಖವೋ ಗಾಜಿನಂತೆ ನುಣುಪು. ಅಡುಗೆಮನೆಯಲ್ಲಿ ಯಾರ ಸಹಾಯವೂ ಇಲ್ಲದೆ ಅವರು ಮಾಡುವ ಕೆಲಸ ಇದೊಂದೇ. ಅದನ್ನು ಕಸಿದುಕೊಳ್ಳಲು ನಮಗೆ ಮನಸ್ಸಿರಲಿಲ್ಲ.

ಬ್ರೆಡ್ ಮೆಷಿನ್ ಹುಟ್ಟಿದ್ದು ಜಪಾನಿನಲ್ಲಿ. 1987ರಲ್ಲಿ ಒಸಾಕಾದ ಮಾತ್ಸುಶಿತಾ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಹಿಟ್ಟನ್ನು ಎಳೆಯುತ್ತಲೇ ತಿರುಚಿ ನಾದುವ ಕೈಚಳಕವನ್ನು ಅರಿಯಲು ಆ ಕಂಪನಿಯ ಇಕುಕೊ ತನಾಕಾ ಎಂಬಾಕೆ ಹೋಟೆಲೊಂದರ ಬ್ರೆಡ್ ತಯಾರಕರ ಬಳಿ ಶಿಷ್ಯೆಯಾಗಿದ್ದರಂತೆ. ಒಳಗಿನ ರಚನೆ ಸರಳ. ಮೋಟಾರು ಒಂದು ಬೆಲ್ಟನ್ನು ತಿರುಗಿಸುತ್ತದೆ. ಬೆಲ್ಟು ಪಾತ್ರೆಯ ತಳದ ದಂಡವನ್ನು ತಿರುಗಿಸುತ್ತದೆ. ದಂಡದ ತುದಿಯಲ್ಲಿರುವ ರೆಕ್ಕೆ ಹಿಟ್ಟು ನಾದುತ್ತದೆ. ದಂಡ ಪಾತ್ರೆಯೊಳಕ್ಕೆ ಬರುವ ತೂತಿನಲ್ಲಿ ನೀರು ಸೋರದಂತೆ ಒಂದು ರಬ್ಬರ್ ಬಳೆ ಇರುತ್ತದೆ. ನಮ್ಮಲ್ಲಿ ಸವೆದದ್ದು ಅದೇ. ನೀರು ತಳಕ್ಕಿಳಿದು ಹಿಟ್ಟು ಒಣಗುತ್ತಿತ್ತು, ದಂಡ ಕಿರುಗುಡುತ್ತಿತ್ತು. ತಯಾರಕರನ್ನು ವಿಚಾರಿಸಿದರೆ, ಆ ಮಾದರಿಯ ಪಾತ್ರೆಯನ್ನು ಈಗ ಮಾಡುವುದಿಲ್ಲ, ಬಳೆಯನ್ನು ಬಿಡಿಯಾಗಿ ಕೊಡುವುದಿಲ್ಲ ಎಂದರು.

ಮೊದಲ ಶನಿವಾರ ದಾನ ಬಂದ ಹಳೆಯ ಸಾಮಾನು ಮಾರುವ ಎರಡು ಮೂರು ಅಂಗಡಿಗಳಿಗೆ ಹೋದೆ. ಬ್ರೆಡ್ ಮೆಷಿನ್ನುಗಳಿಗೆ ಬರವಿರಲಿಲ್ಲ. ಕೆಲವಂತೂ ಮದುವೆಯ ಉಡುಗೊರೆಯಾಗಿ ಬಂದು, ನಾಲ್ಕು ದಿನ ದುಡಿದು, ಆಮೇಲೆ ಕಪಾಟು ಸೇರಿದಂತೆ ಕಾಣುತ್ತಿದ್ದವು. ಒಂದರಲ್ಲಿ ರೆಕ್ಕೆಯೇ ಇಲ್ಲ. ಬ್ರೆಡ್ಡಿನೊಳಗೆ ಸಿಕ್ಕಿಕೊಂಡು ಕಸದ ಬುಟ್ಟಿಗೆ ಹೋಗಿರಬೇಕು. ಇನ್ನೊಂದರ ಪಾತ್ರೆ ನಮ್ಮದರಂತೆಯೇ ಇತ್ತು, ಆದರೆ ತಳದ ಕೊಂಡಿ ಬೇರೆ. ರಕ್ತದ ಗುಂಪು ಹೊಂದಿದರೂ ಕಸಿಗೆ ಒಗ್ಗದ ಮೂತ್ರಪಿಂಡದ ಹಾಗೆ!

ಎರಡನೆಯ ಶನಿವಾರ ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗನಿಗೆ ಊರು ತೋರಿಸಬೇಕಿತ್ತು. ದಕ್ಷಿಣಕ್ಕೆ ಹೊರಟು, 1909ರಲ್ಲಿ ಕಾಂಕ್ರೀಟು ಹಾಕಿದ ಪ್ರಸಿದ್ಧ ಒಂದು ಮೈಲಿಯನ್ನು ದಾಟಿ, ಹೈಲ್ಯಾಂಡ್ ಪಾರ್ಕಿನಲ್ಲಿ ಫೋರ್ಡ್ ಕಾರ್ಖಾನೆಯ ಹಳೆಯ ಕಟ್ಟಡಗಳನ್ನು ತೋರಿಸಿದೆ. 1913ರಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾದದ್ದು ಇಲ್ಲಿ. ಅಲ್ಲಿಂದ ಮುಂದೆ ವುಡ್‌ವರ್ಡ್ ಪಕ್ಕದ ಪಿಕೆಟ್ ರಸ್ತೆಯಲ್ಲಿ, 1904ರಲ್ಲಿ ಕಟ್ಟಿದ ಮೂರು ಮಹಡಿಯ ಇಟ್ಟಿಗೆ ಕಟ್ಟಡ. 1908ರಲ್ಲಿ ಮೊದಲ ಮಾಡೆಲ್ ಟಿ ಕಾರುಗಳು ತಯಾರಾದ ಈ ಕಾರ್ಖಾನೆ ಈಗ ವಸ್ತುಸಂಗ್ರಹಾಲಯ. ಅದೇ 1908ರಲ್ಲಿ ಇದೇ ಊರಿನ ಕ್ಯಾಡಿಲಾಕ್ ಕಂಪನಿಯ ಮೂರು ಕಾರುಗಳನ್ನು ಇಂಗ್ಲೆಂಡಿನಲ್ಲಿ ಪೂರ್ತಿ ಬಿಚ್ಚಿ, ಭಾಗಗಳನ್ನೆಲ್ಲ ಕಲಸಿ, ಮತ್ತೆ ಜೋಡಿಸಿ 500 ಮೈಲಿ ಓಡಿಸಿದರು. ಒಂದರ ಭಾಗ ಇನ್ನೊಂದಕ್ಕೆ ಕೂರುತ್ತದೆ ಎಂದು ಜಗತ್ತಿಗೆ ತೋರಿಸಿಕೊಟ್ಟದ್ದು ಹಾಗೆ.

1927ರಲ್ಲಿ ಮಾಡೆಲ್ ಟಿ ತಯಾರಿಕೆ ನಿಂತಿತು. ಆದರೂ ಅದರ ಬಿಡಿಭಾಗಗಳನ್ನು ಇಂದಿಗೂ ಹೊಸದಾಗಿ ಮಾಡಿ ಮಾರುತ್ತಾರೆ ಎಂದು ಅಲ್ಲಿನ ವೃದ್ಧ ಸ್ವಯಂಸೇವಕರೊಬ್ಬರು ವಿವರಿಸಿದರು. ನನ್ನ ಮೆಷಿನ್ನಿಗೆ ಇನ್ನೂ ಇಪ್ಪತ್ತು ವರ್ಷ ತುಂಬಿಲ್ಲ ಎಂದು ನನ್ನ ಗೋಳು ತೋಡಿಕೊಂಡೆ. ಅವರು ನಕ್ಕು, "ಮೆಷಿನ್ನಿನ ಹೆಸರು ಹೇಳಿಕೊಂಡು ಅಲೆಯಬೇಡಿ. ಸವೆದ ಭಾಗವನ್ನೇ ಬಿಚ್ಚಿಕೊಂಡು ಬೇರಿಂಗ್ ಅಂಗಡಿಗೆ ಹೋಗಿ. ಅವರಿಗೆ ಬೇಕಾದ್ದು ಅಳತೆ" ಎಂದರು.

ಮೂರನೆಯ ಶನಿವಾರ ಫರ್ನ್‌ಡೇಲಿನ ಅಡ್ಡರಸ್ತೆಯೊಂದರಲ್ಲಿ ಅಂಥ ಅಂಗಡಿ ಸಿಕ್ಕಿತು. ನೆಲದಿಂದ ಸೂರಿನವರೆಗೆ ಸಣ್ಣ ಸಣ್ಣ ಡಬ್ಬಿಗಳು, ಗ್ರೀಸಿನ ವಾಸನೆ, ಗಲ್ಲಾದ ಹಿಂದೆ ಕನ್ನಡಕ ಹಣೆಗೇರಿಸಿದ ಯಜಮಾನರು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯನ್ನೇ ಕಿತ್ತು ತಂದಂತಿತ್ತು! ಬಳೆಯನ್ನು ವರ್ನಿಯರ್ ಕ್ಯಾಲಿಪರಿಗೆ ಸಿಕ್ಕಿಸಿ, "ಒಳಗೆ 8, ಹೊರಗೆ 22, ದಪ್ಪ 7 ಮಿಲಿಮೀಟರ್" ಎಂದರು. ಮೆಷಿನ್ನಿನ ಹೆಸರನ್ನು ಕೇಳಲೇ ಇಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಆಹಾರ ತಾಗುತ್ತದೆಯೇ?" ಹೌದೆಂದಾಗ, ಕೈಗೆತ್ತಿಕೊಂಡಿದ್ದ ಕಪ್ಪು ಆಯಿಲ್ ಸೀಲನ್ನು ಮತ್ತೆ ಡಬ್ಬಿಗೆ ಹಾಕಿದರು. ಕಾರಿನ ಎಣ್ಣೆ ತಡೆಯುವ ಆ ರಬ್ಬರ್ ಓವನ್ನಿನ ಕಾವಿಗೆ ಗಡುಸಾಗಿಬಿಡುತ್ತದೆ, ಆಹಾರಕ್ಕೆಂದು ಮಾಡಿದ್ದೂ ಅಲ್ಲ. ಆಹಾರ ತಾಗಬಹುದಾದ ದರ್ಜೆಯ ಸಿಲಿಕೋನ್ ಸೀಲನ್ನು ತರಿಸಿಕೊಟ್ಟರು. ಬೆಲೆ ಒಂದು ಮಸಾಲೆ ದೋಸೆಗಿಂತ ಕಡಿಮೆ.

ಸರ್‌ಕ್ಲಿಪ್ ಬಿಚ್ಚಿ, ದಂಡ ಎಳೆದು, ಹೊಸ ಬಳೆ ಕೂರಿಸಲು ಅರ್ಧ ಗಂಟೆ ಹಿಡಿಯಿತು. ರಾತ್ರಿಯಿಡೀ ಪಾತ್ರೆಯಲ್ಲಿ ನೀರು ತುಂಬಿಸಿ ಪತ್ರಿಕೆಯ ಮೇಲೆ ಇಟ್ಟೆವು. ಬೆಳಿಗ್ಗೆ ಕಾಗದ ಒಣಗಿಯೇ ಇತ್ತು.

ನಿಮ್ಮ ಕಪಾಟಿನಲ್ಲೂ ಇಂಥದೊಂದು ಮೆಷಿನ್ ಮಲಗಿದ್ದರೆ ಎಸೆಯುವ ಮುನ್ನ ತಳವನ್ನು ಒಮ್ಮೆ ನೋಡಿ. ಕೆಟ್ಟಿರುವುದು ಮೋಟಾರಲ್ಲ, ಬಳೆಯೋ ಬೆಲ್ಟೋ ಇರಬಹುದು. ಮಾದರಿಯ ಸಂಖ್ಯೆಗೆ ಬಾಗಿಲು ಮುಚ್ಚಿದಲ್ಲಿ ಅಳತೆಗೆ ಬಾಗಿಲು ತೆರೆದೀತು. ದಾನ ಕೊಡುವವರು ದಯವಿಟ್ಟು ರೆಕ್ಕೆಯನ್ನೂ ಜೊತೆಗಿಟ್ಟು ಕೊಡಿ.

ಮಾವನವರು ಈಗ ರಾತ್ರಿ ಒಂಬತ್ತಕ್ಕೆ ನೀರು, ಹಿಟ್ಟು, ಯೀಸ್ಟ್ ಅಳೆದು ಹಾಕಿ, ಎಡದಿಂದ ಮೂರನೆಯ ಗುಂಡಿಯನ್ನು ಎರಡು ಸಲ ಒತ್ತುತ್ತಾರೆ. ಬೆಳಗಿನ ಜಾವ ಮನೆತುಂಬ ಬ್ರೆಡ್ಡಿನ ಘಮ. "ಉಪ್ಪು ಕಡಿಮೆಯಾಯಿತು" ಎಂದು ಗೊಣಗುತ್ತಲೇ ಎರಡನೆಯ ಹೋಳಿಗೆ ಕೈ ಹಾಕುತ್ತಾರೆ.